ಬಾಲ ತಿರುಚುವವರು ನಮಗೂ ಬೇಕು

ಕಳೆದ ವರ್ಷ ಸೆಪ್ಟೆಂಬರ್ ತಿಂಗಳಲ್ಲಿ ನಮ್ಮ ತಾಲ್ಲೂಕು ಕೇಂದ್ರದ ಲಯನ್ಸ್ ಕ್ಲಬ್ಬಿನವರು ನನ್ನನ್ನು ತಮ್ಮ ಸಭೆಗೆ ಕರೆದಿದ್ದರು. ಹುಚ್ಚುನಾಯಿ ರೋಗದ ಬಗ್ಗೆ ಇಪ್ಪತ್ತು ನಿಮಿಷ ಮಾತನಾಡಬೇಕಿತ್ತು. ನಿಜ ಹೇಳಬೇಕೆಂದರೆ ನನಗೆ ಹೋಗುವ ಮನಸ್ಸಿರಲಿಲ್ಲ. ಇಂಥ ಕ್ಲಬ್ಬುಗಳೆಂದರೆ ಶಾಲು, ಹಾರ, ಫೋಟೋ, ಆಮೇಲೆ ಊಟ, ಇಷ್ಟೇ ಎಂದುಕೊಂಡಿದ್ದೆ. ಅದೇ ದಿನ ಸಂಜೆ ಒಂದು ಹಸು ಕರು ಹಾಕಲಾರದೆ ಒದ್ದಾಡುತ್ತಿತ್ತು. ಅದನ್ನು ಮುಗಿಸಿ, ಕೈ ತೊಳೆದು, ಗಂಬೂಟಿನ ಕಾಲಿನಲ್ಲೇ ಹೋದೆ.

ಏಳು ಗಂಟೆ ಎಂದಿದ್ದರು, ಏಳಕ್ಕೆ ಸರಿಯಾಗಿ ಗಂಟೆ ಬಾರಿಸಿದರು. ಹಿಂದಿನ ಸಭೆಯ ನಡಾವಳಿ ಓದಿದರು, ಕೈಯಲ್ಲಿರುವ ಹಣ ಎಷ್ಟು, ಕಣ್ಣಿನ ಶಿಬಿರಕ್ಕೆ ಖರ್ಚಾಗಿದ್ದೆಷ್ಟು ಎಂದು ಲೆಕ್ಕ ಒಪ್ಪಿಸಿದರು. ಆಮೇಲೆ ಒಬ್ಬರು ಎದ್ದು ನಿಂತು, ತಡವಾಗಿ ಬಂದ ಔಷಧ ಅಂಗಡಿಯವರಿಗೆ ದಂಡ, ಕಳೆದ ವಾರ ಹೊಸ ಸ್ಕೂಟರ್ ತಗೊಂಡು ಯಾರಿಗೂ ಸಿಹಿ ಹಂಚದ ಮೇಷ್ಟರಿಗೆ ದಂಡ, ಪಕ್ಕದವರ ಜೊತೆ ಪಿಸುಗುಟ್ಟಿದ ವಕೀಲರಿಗೆ ದಂಡ ಎಂದು ಒಬ್ಬೊಬ್ಬರಿಂದಲೂ ಹತ್ತಿಪ್ಪತ್ತು ರೂಪಾಯಿ ವಸೂಲು ಮಾಡತೊಡಗಿದರು. ಎಲ್ಲರೂ ನಗುತ್ತಲೇ ಕೊಡುತ್ತಿದ್ದರು. ಇವರು ಯಾರು ಎಂದು ಪಕ್ಕದಲ್ಲಿದ್ದವರನ್ನು ಕೇಳಿದೆ. "ಟೇಲ್ ಟ್ವಿಸ್ಟರ್ ಮೇಡಂ" ಅಂದರು. ಅಂದರೆ ಬಾಲ ತಿರುಚುವವರು!

ನನಗೆ ನಗು ತಡೆಯಲಾಗಲಿಲ್ಲ. ಎತ್ತು ಗಾಡಿ ಎಳೆಯದೆ ನಿಂತರೆ ಬಾಲ ತಿರುಚುವುದು ನಮಗೆಲ್ಲ ಗೊತ್ತು. ಪಶುವೈದ್ಯೆಯಾಗಿ ಅದು ತಪ್ಪು, ಮೂಳೆ ಮುರಿಯುತ್ತದೆ ಎಂದು ಹತ್ತಾರು ಜನರಿಗೆ ಬೈದಿದ್ದೇನೆ. ಇಲ್ಲಿ ನೋಡಿದರೆ ದೊಡ್ಡ ಮನುಷ್ಯರ ಬಾಲ ತಿರುಚಲು ಒಬ್ಬರನ್ನು ಚುನಾಯಿಸಿ ಇಟ್ಟಿದ್ದಾರೆ. ಲಯನ್ಸ್ ಕ್ಲಬ್ಬಿನ ನಿಯಮದಲ್ಲೇ ಈ ಹುದ್ದೆ ಇದೆಯಂತೆ. ಅವರು ಹಾಕಿದ ದಂಡಕ್ಕೆ ಮೇಲ್ಮನವಿ ಇಲ್ಲ. ಆದರೆ ದಂಡದ ಮಿತಿಯನ್ನು ಆಡಳಿತ ಮಂಡಳಿ ಮೊದಲೇ ಗೊತ್ತುಮಾಡಿರುತ್ತದೆ, ಒಂದು ಸಭೆಯಲ್ಲಿ ಒಬ್ಬರಿಗೆ ಎರಡು ಸಲಕ್ಕಿಂತ ಹೆಚ್ಚು ದಂಡ ಹಾಕುವಂತಿಲ್ಲ, ಬಂದ ಹಣ ಕೂಡಲೇ ಖಜಾಂಚಿಯ ಕೈಗೆ ಹೋಗಬೇಕು. ಬಾಲ ತಿರುಚುವವರಿಗೇ ದಂಡ ಹಾಕಬೇಕೆಂದರೆ ಸಭೆಯಲ್ಲಿರುವ ಪ್ರತಿಯೊಬ್ಬರೂ ಒಪ್ಪಬೇಕು. ತಮಾಷೆಯ ಕೆಲಸಕ್ಕೂ ಎಷ್ಟು ಯೋಚನೆ ಮಾಡಿ ಕಟ್ಟು ಹಾಕಿದ್ದಾರೆ ನೋಡಿ.

ನನ್ನ ಸರದಿ ಬಂತು. ನಾನು ಹೇಳಿದ್ದು ನಿಮಗೂ ಬೇಕಾದ ವಿಷಯ, ಅದಕ್ಕೆ ಇಲ್ಲೂ ಬರೆಯುತ್ತೇನೆ. ಹುಚ್ಚುನಾಯಿ ಕಚ್ಚಿದ ಹಸುವಿಗೆ ರೋಗ ಹತ್ತಿದಾಗ ಅದು ಜೊಲ್ಲು ಸುರಿಸುತ್ತದೆ, ನುಂಗಲಾಗದೆ ಒದ್ದಾಡುತ್ತದೆ, ಒಂದೇ ಸಮನೆ ಕೂಗುತ್ತದೆ. ಮನೆಯವರು ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ ಎಂದುಕೊಂಡು ಬಾಯಿಗೆ ಕೈ ಹಾಕುತ್ತಾರೆ. ಹೀಗೆ ಕೈ ಹಾಕುವವರು ಹೆಚ್ಚಾಗಿ ಹೆಂಗಸರೇ, ಏಕೆಂದರೆ ಕೊಟ್ಟಿಗೆಯಲ್ಲಿ ಇರುವವರು ಅವರೇ. ಕೈಯಲ್ಲಿ ಹುಲ್ಲು ಕೊಯ್ದ ಗಾಯ ಇದ್ದೇ ಇರುತ್ತದೆ. ಹಾಗೆ ಕೈ ಹಾಕಬೇಡಿ, ಮೊದಲು ನಮಗೆ ಫೋನ್ ಮಾಡಿ. ಜೊಲ್ಲು ತಾಗಿದ್ದರೆ, ನಾಯಿ ಕಚ್ಚಿದ್ದರೆ, ಹರಿಯುವ ನೀರಿನಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆದು ನೇರ ಆಸ್ಪತ್ರೆಗೆ ಹೋಗಿ. ಸುಣ್ಣ, ಮೆಣಸಿನ ಪುಡಿ, ಅರಿಸಿನ ಯಾವುದನ್ನೂ ಮೆತ್ತಬೇಡಿ. ಈ ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸುವ ದಾರಿ ಇಲ್ಲ. ಮೊದಲೇ ಲಸಿಕೆ ಹಾಕಿಸಿದರೆ ಬರುವುದೇ ಇಲ್ಲ.

ಆ ಸಭೆಯಲ್ಲೇ ಅವರು ತೀರ್ಮಾನ ಮಾಡಿದರು. ಸೆಪ್ಟೆಂಬರ್ 28, ಲೂಯಿ ಪಾಶ್ಚರ್ ತೀರಿಕೊಂಡ ದಿನ, ಅದನ್ನೇ ವಿಶ್ವ ರೇಬಿಸ್ ದಿನ ಎಂದು ಆಚರಿಸುತ್ತೇವೆ. ಅಂದು ಒಂದು ಹಳ್ಳಿಯಲ್ಲಿ ನಾಯಿಗಳಿಗೆ ಲಸಿಕೆ ಶಿಬಿರ, ಲಸಿಕೆಯ ಖರ್ಚು ಕ್ಲಬ್ಬಿನದು. ಯಾವ ಹಳ್ಳಿ ಎಂದು ಕೇಳಿದರು. ಮಹಿಳಾ ಹಾಲು ಉತ್ಪಾದಕರ ಸಂಘ ಇರುವ ಒಂದು ಹಳ್ಳಿಯ ಹೆಸರು ಹೇಳಿದೆ.

ಶಿಬಿರದ ದಿನ ನನಗೆ ಅರ್ಥವಾಗಿದ್ದು ಇದು. ಕ್ಲಬ್ಬಿನವರ ಹತ್ತಿರ ಲಸಿಕೆ ಇತ್ತು, ಐಸ್ ಡಬ್ಬಿ ಇತ್ತು, ಕಾರು ಇತ್ತು. ಯಾವ ಮನೆಯಲ್ಲಿ ಎಷ್ಟು ನಾಯಿ ಇದೆ, ಯಾವುದು ಕಚ್ಚುತ್ತದೆ, ಯಾವುದಕ್ಕೆ ಯಾರು ಅನ್ನ ಹಾಕುತ್ತಾರೆ, ಯಾರ ಕೈಗೆ ಸಿಗುತ್ತದೆ ಎಂಬುದು ಗೊತ್ತಿದ್ದದ್ದು ಡೇರಿಗೆ ಹಾಲು ಹಾಕುವ ಹೆಂಗಸರಿಗೆ. ಬೀದಿಯಲ್ಲಿ ಯಾರದೂ ಅಲ್ಲದ ನಾಯಿ ಎಂದು ನಾವು ಅಂದುಕೊಂಡಿದ್ದಕ್ಕೂ ಒಬ್ಬ ಅಜ್ಜಿ ಇದ್ದಳು. ಅವಳು "ಬಾ ಮಗಾ" ಎಂದಳು, ಅದು ಬಂದು ಅವಳ ಸೆರಗಿನ ಹಿಂದೆ ಕೂತಿತು, ನಾನು ಸೂಜಿ ಚುಚ್ಚಿದೆ. ಮಧ್ಯಾಹ್ನದೊಳಗೆ ಕೆಲಸ ಮುಗಿಯಿತು. ಕೊನೆಗೆ ಫೋಟೋ ತೆಗೆಯುವಾಗ ಆ ಹೆಂಗಸರು ಹಾಲು ಕರೆಯುವ ಹೊತ್ತಾಯಿತು ಎಂದು ಹೊರಟಿದ್ದರು. ತಡೆದು ನಿಲ್ಲಿಸಬೇಕಿತ್ತು, ನನಗೆ ಹೊಳೆಯಲಿಲ್ಲ. ಮಾರನೆಯ ದಿನ ಫೋಟೋ ನೋಡಿದಾಗ ನಾಚಿಕೆಯಾಯಿತು.

ಅದಾದ ಮೇಲೆ ನಾನು ಆ ಸಂಘದವರಿಗೆ ಒಂದು ಮಾತು ಹೇಳಿದೆ. ಪಟ್ಟಣದವರು ಹದಿನೈದು ದಿನಕ್ಕೊಮ್ಮೆ ಸೇರಿ ಊರಿಗೆ ಏನು ಮಾಡಬಹುದು ಎಂದು ಮಾತಾಡುತ್ತಾರೆ, ನೀವೂ ತಿಂಗಳಿಗೊಂದು ಸಲ ಹಾಗೆ ಸೇರಬಾರದೇಕೆ? ನಲವತ್ತು ವರ್ಷದಿಂದ ಎಮ್ಮೆ ಸಾಕಿದ ಒಬ್ಬರು ಕ್ಯಾನಿನ ಮೇಲೆ ಕೈಯಿಟ್ಟುಕೊಂಡು, "ಡಾಕ್ಟ್ರಮ್ಮ, ಬೆಳಿಗ್ಗೆ ಎದ್ದಾಗಿಂದ ಮಲಗೋ ತನಕ ನಾವು ಮಾಡೋದೆಲ್ಲ ಸೇವೇನೇ ಅಲ್ವಾ? ಇನ್ನೂ ಯಾವ ಸೇವೆ ಮಾಡ್ಸಾಣ ಅಂತೀರಿ?" ಎಂದರು.

ಅವತ್ತು ನನ್ನ ಬಾಯಲ್ಲಿ ಉತ್ತರ ಇರಲಿಲ್ಲ. ಸುಮ್ಮನೆ ನಕ್ಕು ಬಂದೆ. ಈ ಲೇಖನ ಬರೆಯಲು ಕಾರಣವೇ ಆ ಮಾತು.

ಆ ತಾಯಿ ಹೇಳಿದ್ದರಲ್ಲಿ ಸುಳ್ಳಿಲ್ಲ. ಹುಲ್ಲು ತರುವುದು, ಸಗಣಿ ಬಾಚುವುದು, ಮೈ ತೊಳೆಯುವುದು, ಕರೆಯುವುದು, ಡೇರಿಗೆ ಹೊರುವುದು, ಇದರ ಮಧ್ಯೆ ಮನೆ, ಮಕ್ಕಳು, ಹೊಲ. ಇದಕ್ಕೆಲ್ಲ ಸಂಬಳ ಇಲ್ಲ. ಅದರ ಮೇಲೆ ನಾವು ಇಲಾಖೆಯವರು, ಒಕ್ಕೂಟದವರು, ಇನ್ಯಾರೋ ಸಂಸ್ಥೆಯವರು, "ಅಮ್ಮಾ, ಈ ಕರಪತ್ರ ಹಂಚಿಬಿಡಿ, ನಾಲ್ಕು ಜನರನ್ನು ಸೇರಿಸಿಬಿಡಿ, ಮಧ್ಯಾಹ್ನ ನಿಂತು ದನ ಹಿಡಿದುಕೊಡಿ" ಎನ್ನುತ್ತೇವೆ. ಹೆಂಗಸರು ಇಲ್ಲ ಎನ್ನುವುದಿಲ್ಲ ಎಂಬ ಧೈರ್ಯ ನಮಗೆ. ಕೆಲವು ವರ್ಷದ ಹಿಂದೆ ಒಂದು ಸಂಸ್ಥೆಯವರು ಪಶು ಆರೋಗ್ಯ ಶಿಬಿರ ಮಾಡಿ, ಮುಖ್ಯ ಅತಿಥಿಗಳು ಬರುವವರೆಗೆ ಹಸು ಹಿಡಿದ ಹೆಂಗಸರನ್ನು ಬಿಸಿಲಲ್ಲಿ ಒಂದೂವರೆ ಗಂಟೆ ನಿಲ್ಲಿಸಿದ್ದನ್ನು ನೋಡಿದ್ದೇನೆ. ಅದನ್ನು ಸೇವೆ ಎನ್ನಲು ನಾನು ಸಿದ್ಧಳಿಲ್ಲ. ಅದು ಬಿಟ್ಟಿ ಚಾಕರಿ.

ಹಾಗಾದರೆ ಎರಡಕ್ಕೂ ವ್ಯತ್ಯಾಸ ಏನು? ನಾನು ಕಂಡುಕೊಂಡಿದ್ದು ಇಷ್ಟು. ಬೇರೆಯವರು ತೀರ್ಮಾನ ಮಾಡಿ ನಿಮ್ಮ ತಲೆಗೆ ಕಟ್ಟಿದರೆ ಬಿಟ್ಟಿ. ನೀವೇ ಕೂತು, ನಮ್ಮ ಊರಿಗೆ ಇದು ಬೇಕು, ಇಷ್ಟು ಹೊತ್ತು ಕೊಡುತ್ತೇವೆ, ಇದಕ್ಕಿಂತ ಹೆಚ್ಚು ಕೊಡುವುದಿಲ್ಲ ಎಂದು ಗೊತ್ತುಮಾಡಿದರೆ ಸೇವೆ. ಕ್ಲಬ್ಬಿನವರನ್ನು ಯಾರೂ ಹೋಗಿ "ಬನ್ನಿ ದನ ಹಿಡಿಯಿರಿ" ಎನ್ನುವುದಿಲ್ಲ. ಅವರ ಸಭೆಗೆ ಹೋಗಿ ಮನವಿ ಕೊಡಬೇಕು, ಅವರು ಚರ್ಚೆ ಮಾಡಿ ಹೌದು ಅಥವಾ ಇಲ್ಲ ಎನ್ನುತ್ತಾರೆ. ಅವರಿಗೂ ನಿಮಗೂ ಇರುವ ಅಂತರ ಹಣದ್ದು ಮಾತ್ರ ಅಲ್ಲ. ಅವರಿಗೆ ಸಭೆ ಇದೆ. ಆ ಸಭೆ ಇಲ್ಲದ್ದರಿಂದಲೇ ನಿಮ್ಮನ್ನು ಒಬ್ಬೊಬ್ಬರನ್ನಾಗಿ, ಕೊಟ್ಟಿಗೆ ಬಾಗಿಲಲ್ಲಿ ಹಿಡಿದು ಒಪ್ಪಿಸುವುದು ನಮ್ಮಂಥವರಿಗೆ ಸುಲಭ.

ನಮಗೆ ಸಭೆ ಇಲ್ಲವೇ ಎಂದು ನೀವು ಕೇಳಬಹುದು. ಆಡಳಿತ ಮಂಡಳಿ ಸಭೆ ಇದೆ, ಅಲ್ಲಿ ಫ್ಯಾಟು, ಎಸ್‌ಎನ್‌ಎಫ್, ಹಿಂಡಿ ಲೋಡು, ಕಾರ್ಯದರ್ಶಿ ಸಂಬಳದ ಮಾತು. ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಇದೆ, ಬೋನಸ್ಸು ಕೇಳಿಕೊಂಡು ಊಟ ಮಾಡಿ ಬರುತ್ತೇವೆ. ಸ್ತ್ರೀಶಕ್ತಿ ಗುಂಪಿನ ವಾರದ ಸಭೆಯಲ್ಲಿ ಉಳಿತಾಯದ ಹಣ ಕಟ್ಟಿ, ಸಹಿ ಹಾಕಿ, ಸಾಲದ ಕಂತು ಕೇಳಿ ಎದ್ದು ಬರುತ್ತೇವೆ. ಇವೆಲ್ಲ ಬೇಕಾದ ಸಭೆಗಳೇ. ಆದರೆ ಎಲ್ಲದರಲ್ಲೂ ದುಡ್ಡಿನ ಮಾತೇ ಮೊದಲು, ದುಡ್ಡಿನ ಮಾತು ಬಂದ ಕಡೆ ಅನುಮಾನವೂ ಬರುತ್ತದೆ.

ಮೊದಲು ಬಟವಾಡೆ ದಿನ ಎಂದು ಒಂದಿತ್ತು. ಹಾಲಿನ ದುಡ್ಡು ಕೈಗೆ ಕೊಡುತ್ತಿದ್ದ ಕಾಲದಲ್ಲಿ ಎಲ್ಲರೂ ಡೇರಿ ಜಗುಲಿಯಲ್ಲಿ ಕೂತು, ಯಾರ ಹಸು ಗಬ್ಬ ನಿಂತಿತು, ಯಾರದು ತಿರುಗಿ ಬೆದೆಗೆ ಬಂತು, ಯಾರ ಮಗಳಿಗೆ ಗಂಡು ಬಂತು ಎಲ್ಲವನ್ನೂ ಮಾತಾಡುತ್ತಿದ್ದರು ಎಂದು ಹಿರಿಯರು ಹೇಳುತ್ತಾರೆ. ಈಗ ದುಡ್ಡು ಬ್ಯಾಂಕ್ ಖಾತೆಗೆ ಹೋಗುತ್ತದೆ. ಅದು ಒಳ್ಳೆಯದೇ, ಹೆಂಗಸಿನ ದುಡ್ಡು ಹೆಂಗಸಿನ ಹೆಸರಿಗೆ ಬೀಳುತ್ತದೆ. ಆದರೆ ಆ ಜಗುಲಿ ಖಾಲಿಯಾಯಿತು. ಹಾಲು ಸುರಿದು, ಚೀಟಿ ನೋಡಿ, ಓಡುವುದಷ್ಟೇ ಉಳಿದಿದೆ.

ಆ ಸಂಘದವರು ಕೊನೆಗೆ ಒಪ್ಪಿದರು. ನನ್ನ ಮಾತಿಗಲ್ಲ, ಕಾಲುಬಾಯಿ ಜ್ವರದ ಲಸಿಕೆಯ ಸುತ್ತು ಬಂದಾಗ ಆದ ಗೊಂದಲಕ್ಕೆ. ನಾವು ಬೆಳಿಗ್ಗೆ ಹತ್ತಕ್ಕೆ ಹೋದರೆ ಅರ್ಧ ದನ ಮೇಯಲು ಹೋಗಿರುತ್ತಿದ್ದವು. ಉಳಿದ ಮನೆಗಳಲ್ಲಿ ಕೆಲವರು "ಸೂಜಿ ಹಾಕಿದ್ರೆ ಹಾಲು ಕಮ್ಮಿ ಆಯ್ತದೆ, ಬ್ಯಾಡ" ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದರು. ಅದೇ ಊರಿಗೆ ಮೂರು ಸಲ ಹೋಗಿದ್ದೇನೆ. ಹಾಲು ಒಂದೆರಡು ದಿನ ಸ್ವಲ್ಪ ಕಡಿಮೆಯಾಗುವುದು ನಿಜ, ಮತ್ತೆ ಸರಿಹೋಗುತ್ತದೆ. ಲಸಿಕೆ ತಪ್ಪಿಸಿ ರೋಗ ಬಂದರೆ ಆಗುವ ನಷ್ಟವನ್ನು 2013ರಲ್ಲಿ ನಮ್ಮ ರಾಜ್ಯ ನೋಡಿದೆ. ಆಗ ಸತ್ತ ಹಸುಗಳಷ್ಟೇ ಅಲ್ಲ, ಬದುಕಿದವೂ ಎಷ್ಟೋ ಕಡೆ ಬಿಸಿಲಿಗೆ ಏದುಸಿರು ಬಿಡುತ್ತಾ, ಗಬ್ಬ ನಿಲ್ಲದೆ, ಹಾಲಿಗೆ ಬಾರದೆ ಉಳಿದವು. ಊರಲ್ಲಿ ಹತ್ತು ಮನೆ ಲಸಿಕೆ ಬಿಟ್ಟರೆ ರೋಗ ಒಳಗೆ ಬರಲು ಹತ್ತು ಬಾಗಿಲು ತೆರೆದಂತೆ.

ಮೊದಲ ಸಭೆಯಲ್ಲಿ ಹದಿನಾಲ್ಕು ಜನ ಇದ್ದರು. ಆರು ಜನ ಮುಂದೆ ಬಂದರು. ಊರಿನ ತೊಂಬತ್ತಾರು ಮನೆಗಳನ್ನು ಹದಿನಾರರಂತೆ ಹಂಚಿಕೊಂಡರು. ಲಸಿಕೆಯ ಹಿಂದಿನ ಸಂಜೆ ತಮ್ಮ ಹದಿನಾರು ಮನೆಗೆ ಹೋಗಿ, ನಾಳೆ ಒಂಬತ್ತರ ತನಕ ದನ ಬಿಡಬೇಡಿ ಎಂದು ಹೇಳುವುದು, ಕಿವಿಯ ಓಲೆ ಬಿದ್ದುಹೋದ ದನ ಯಾವುದು, ನಾಲ್ಕು ತಿಂಗಳು ದಾಟಿದ ಕರು ಎಷ್ಟು ಎಂದು ಬರೆದುಕೊಳ್ಳುವುದು, ಇಷ್ಟೇ ಕೆಲಸ. ಒಬ್ಬೊಬ್ಬರಿಗೆ ಒಂದು ಗಂಟೆಗಿಂತ ಹೆಚ್ಚಾಗಲಿಲ್ಲ. ನಾವು ಬೆಳಿಗ್ಗೆ ಆರೂವರೆಗೆ ಹೋದೆವು. ಎರಡು ಬೆಳಿಗ್ಗೆಯಲ್ಲಿ ಊರು ಮುಗಿಯಿತು.

ಒಂದು ಮನೆಯ ಯಜಮಾನರು ಮೂರು ವರ್ಷದಿಂದ ನನ್ನನ್ನು ಗೇಟಿನಿಂದಲೇ ವಾಪಸು ಕಳಿಸುತ್ತಿದ್ದವರು. ಈ ಸಲ ಪಕ್ಕದ ಮನೆಯ ಹೆಂಗಸು ಹೋಗಿ, "ಮಾವ, ನಮ್ ಸೀಮೆಹಸೂಗೂ ಹೋದ ಸಲ ಒಂದ್ ಲೀಟ್ರು ಕಮ್ಮಿ ಆಗಿತ್ತು. ಮೂರನೇ ದಿನಕ್ಕೆ ಸರಿ ಹೋಯ್ತು. ಡೇರಿ ಚೀಟಿ ಐತೆ, ನೋಡ್ತೀರಾ?" ಎಂದರಂತೆ. ಹಸು ಹಿಡಿದು ನಿಂತಿದ್ದರು. ಐದು ವರ್ಷ ಓದಿ ಪದವಿ ತಗೊಂಡ ನನಗೆ ಆಗದಿದ್ದದ್ದು ಒಂದು ಡೇರಿ ಚೀಟಿಯಿಂದ ಆಯಿತು.

ಇಲ್ಲೊಂದು ಮಾತು ನಮ್ಮ ಕಡೆಯವರಿಗೂ ಹೇಳಬೇಕು. ಲಸಿಕೆ ಹಾಕುವವರಿಗೆ ಡೋಸಿಗಿಷ್ಟು ಎಂದು ಸಂಭಾವನೆ ಇದೆ. ಬೆಳಿಗ್ಗೆಯೆಲ್ಲ ನಿಂತು ಬೇರೆಯವರ ದನ ಹಿಡಿಯುವುದು ಕೂಲಿ ಕೆಲಸ, ಅಪಾಯದ ಕೆಲಸ ಕೂಡ. ಅದನ್ನು ಹೆಂಗಸರಿಂದ ಮಾಡಿಸಿ ಸೇವೆ ಎಂದು ಹೆಸರಿಡುವುದು ತಪ್ಪು. ಬೇಕಾದರೆ ಕೂಲಿ ಕೊಟ್ಟು ಮಾಡಿಸಲಿ. ಹಾಗೆಯೇ ಲಸಿಕೆಯ ದಿನವನ್ನು ಸಂಘಕ್ಕೆ ಒಂದು ವಾರ ಮೊದಲು ತಿಳಿಸಲಿ. ಹಿಂದಿನ ರಾತ್ರಿ ಫೋನ್ ಮಾಡಿ "ನಾಳೆ ಬರ್ತೀವಿ, ಎಲ್ಲರಿಗೂ ಹೇಳಿಬಿಡಿ" ಎನ್ನುವುದನ್ನು ನಾನೂ ಮಾಡಿದ್ದೇನೆ, ಈಗ ಬಿಟ್ಟಿದ್ದೇನೆ.

ಇದರಿಂದ ಆ ಆರು ಜನಕ್ಕೆ ಏನು ಸಿಕ್ಕಿತು? ದುಡ್ಡಂತೂ ಸಿಗಲಿಲ್ಲ. ಒಬ್ಬರು, ಏಳು ವರ್ಷದಿಂದ ಸದಸ್ಯೆಯಾಗಿದ್ದರೂ ಸಭೆಯಲ್ಲಿ ಬಾಯಿ ಬಿಟ್ಟವರಲ್ಲ, ಸರ್ವಸದಸ್ಯರ ಸಭೆಯಲ್ಲಿ ಎದ್ದು ನಿಂತು, ಎರಡು ತಿಂಗಳಿಂದ ಖನಿಜ ಮಿಶ್ರಣ ಯಾಕೆ ಬಂದಿಲ್ಲ ಎಂದು ವಿಸ್ತರಣಾಧಿಕಾರಿಗಳನ್ನು ಕೇಳಿದರು. ಹದಿನಾರು ಮನೆಯ ಬಾಗಿಲಲ್ಲಿ ನಿಂತು ಮಾತಾಡಿದ ಮೇಲೆ ಒಂದು ಸಭೆಯಲ್ಲಿ ಮಾತಾಡುವುದು ಏನು ಮಹಾ ಎಂದರು. ಇನ್ನೊಬ್ಬರಿಗೆ ಗರ್ಭಕೋಶದ ಆಪರೇಷನ್ ಆದಾಗ ಉಳಿದ ಐವರು ಸರದಿಯಲ್ಲಿ ಒಂಬತ್ತು ದಿನ ಅವರ ಎರಡು ಹಸು ಕರೆದು ಡೇರಿಗೆ ಹಾಕಿದರು. ಇದು ಮುಯ್ಯಾಳು ಅಲ್ಲವೇ ಎಂದು ನಾನು ಕೇಳಿದೆ. "ಮುಯ್ಯಿ ಅಂದ್ರೆ ಲೆಕ್ಕ ಐತೆ ಡಾಕ್ಟ್ರಮ್ಮ, ನೀ ಒಂದ್ ದಿನ ಬಂದ್ರೆ ನಾ ಒಂದ್ ದಿನ ಬರ್ಬೇಕು. ಇದಕ್ಕೆ ಯಾರೂ ಲೆಕ್ಕ ಇಟ್ಟಿಲ್ಲ" ಎಂದರು ಅದೇ ಎಮ್ಮೆ ಸಾಕಿದ ತಾಯಿ. ಹೌದು, "ಇನ್ನೂ ಯಾವ ಸೇವೆ" ಎಂದು ಕೇಳಿದ್ದವರೇ. ಅವರೂ ಆರು ಜನರಲ್ಲಿ ಒಬ್ಬರು.

ಇನ್ನೊಂದು ಲಾಭವನ್ನು ಅವರು ಬಾಯಿಬಿಟ್ಟು ಹೇಳುವುದಿಲ್ಲ, ನಾನು ನೋಡಿದ್ದೇನೆ. ತಿಂಗಳಲ್ಲಿ ಒಂದು ಗಂಟೆ ಅವರು ಯಾರ ಹೆಂಡತಿಯೂ ಅಲ್ಲ, ಯಾರ ಸೊಸೆಯೂ ಅಲ್ಲ. ಮನೆಯಲ್ಲಿ "ಎಲ್ಲಿಗೆ" ಎಂದು ಕೇಳಿದರೆ "ಸಭೆ ಐತೆ" ಎನ್ನುತ್ತಾರೆ. ಮದುವೆಗೆ, ತಿಥಿಗೆ, ಆಸ್ಪತ್ರೆಗೆ ಬಿಟ್ಟರೆ ಮನೆಯಿಂದ ಹೊರಡಲು ಹೆಂಗಸಿಗೆ ಇನ್ನೊಂದು ಕಾರಣ ಇರುವುದು ಸಣ್ಣ ಸಂಗತಿಯಲ್ಲ. ಅಮೆರಿಕದ ಶಿಕಾಗೋದಲ್ಲಿ ಮೆಲ್ವಿನ್ ಜೋನ್ಸ್ ಎಂಬ ವಿಮೆ ವ್ಯವಹಾರದವರು 1917ರಲ್ಲಿ ಹುಟ್ಟುಹಾಕಿದ ಈ ಲಯನ್ಸ್ ಕ್ಲಬ್ಬಿನಲ್ಲೂ ಹೆಂಗಸರಿಗೆ ಪೂರ್ಣ ಸದಸ್ಯತ್ವ ಸಿಕ್ಕಿದ್ದು 1987ರಲ್ಲಿ, ಎಪ್ಪತ್ತು ವರ್ಷ ಆದ ಮೇಲೆ. ಕಣ್ಣಿಲ್ಲದ, ಕಿವಿ ಕೇಳದ ಹೆಲೆನ್ ಕೆಲರ್ 1925ರಲ್ಲಿ ಅವರ ಸಮಾವೇಶಕ್ಕೆ ಬಂದು ಅಂಧರಿಗಾಗಿ ಕೆಲಸ ಮಾಡಿ ಎಂದು ಕೇಳಿದ್ದರಿಂದಲೇ ಇವತ್ತಿಗೂ ಅವರು ಕಣ್ಣಿನ ಶಿಬಿರ ನಡೆಸುತ್ತಾರೆ. ದಾರಿ ತೋರಿಸಿದ್ದು ಹೆಂಗಸು, ಒಳಗೆ ಬಿಟ್ಟುಕೊಳ್ಳಲು ಅರವತ್ತೆರಡು ವರ್ಷ! ನಮ್ಮ ಡೇರಿಗಳದ್ದೂ ಬೇರೆ ಕಥೆಯಲ್ಲ. ಹಾಲು ಕರೆಯುವವರು ಹೆಂಗಸರು, ಸದಸ್ಯತ್ವ ಗಂಡಸರ ಹೆಸರಲ್ಲಿ. ಸ್ಟೆಪ್ ಯೋಜನೆಯಲ್ಲಿ ಮಹಿಳಾ ಸಂಘಗಳು ಬಂದ ಮೇಲೆ ತಾನೇ ನಿಮ್ಮಲ್ಲಿ ಅನೇಕರ ಹೆಸರು ಪುಸ್ತಕಕ್ಕೆ ಏರಿದ್ದು?

ನೀವೂ ಇಂಥ ಸಭೆ ಶುರುಮಾಡುವುದಾದರೆ ಕ್ಲಬ್ಬಿನಿಂದ ಏನು ತಗೊಳ್ಳಬೇಕು, ಏನು ಬಿಡಬೇಕು ಎಂಬ ಬಗ್ಗೆ ನನ್ನ ಅಭಿಪ್ರಾಯ ಹೇಳುತ್ತೇನೆ. ಹೊತ್ತಿಗೆ ಸರಿಯಾಗಿ ಶುರುಮಾಡಿ, ಹೊತ್ತಿಗೆ ಸರಿಯಾಗಿ ಮುಗಿಸಿ. ಆ ಸಂಘದವರಿಗೆ ಗಂಟೆ ಇಲ್ಲ, ಖಾಲಿ ಕ್ಯಾನಿಗೆ ಹಾಲಿನ ಅಳತೆಯಿಂದ ಬಡಿಯುತ್ತಾರೆ, ಊರಿಗೆಲ್ಲ ಕೇಳುತ್ತದೆ. ಒಂದು ನೋಟ್‌ಬುಕ್ಕಿನಲ್ಲಿ ಏನು ಮಾತಾಯಿತು, ಯಾರು ಏನು ಒಪ್ಪಿಕೊಂಡರು ಎಂದು ನಾಲ್ಕು ಸಾಲು ಬರೆಯಿರಿ, ಮುಂದಿನ ಸಲ ಓದಿ. ಒಮ್ಮೆಗೆ ಒಂದೇ ಕೆಲಸ ಹಿಡಿಯಿರಿ. ವೇದಿಕೆ ಬೇಡ, ಎತ್ತರದ ಕುರ್ಚಿ ಬೇಡ, ಮುಖ್ಯ ಅತಿಥಿಯಂತೂ ಬೇಡವೇ ಬೇಡ. ಒಬ್ಬ ಮುಖ್ಯ ಅತಿಥಿ ಬಂದರೆ ಒಂದು ಹಾಲು ಕರೆಯುವ ಹೊತ್ತು ಹೋಯಿತೆಂದೇ ಲೆಕ್ಕ. ಶಾಲಿನ ದುಡ್ಡಿಗೆ ಒಂದು ಚೀಲ ಹಿಂಡಿಯ ಪಾಲಾದರೂ ಬರುತ್ತದೆ.

ಬಾಲ ತಿರುಚುವವರನ್ನು ಮಾತ್ರ ಖಂಡಿತ ಇಟ್ಟುಕೊಳ್ಳಿ. ಆ ಸಂಘದಲ್ಲಿ ಅತ್ಯಂತ ಚಿಕ್ಕ ವಯಸ್ಸಿನ ಸೊಸೆಗೆ ಆ ಕೆಲಸ ಕೊಟ್ಟಿದ್ದಾರೆ, ಅದು ನನಗೆ ಬಹಳ ಇಷ್ಟವಾಯಿತು. ತಡವಾಗಿ ಬಂದರೆ ಐದು ರೂಪಾಯಿ. ಸಭೆಯಲ್ಲಿ ಫೋನ್ ಎತ್ತಿದರೆ ಐದು. ಇಲ್ಲದವರ ಮನೆ ಸುದ್ದಿ ತೆಗೆದರೆ ಹತ್ತು. ಅವಳ ಅತ್ತೆಯೇ ಎರಡು ಸಲ ಕಟ್ಟಿದ್ದಾರೆ, ಮೂರನೆಯದಕ್ಕೆ ನಿಯಮ ಅಡ್ಡ ಬಂತು. ದಂಡದ ಹಣದಲ್ಲಿ ಸೋಪು, ಕೈಗವಸು ತಂದು ಡೇರಿಯಲ್ಲಿ ಇಟ್ಟಿದ್ದಾರೆ. ಏಳೆಂಟು ತಿಂಗಳಲ್ಲಿ ಕಂದು ಹಾಕಿದ ಹಸುವಿನ ಕಸವನ್ನು ಬರಿಗೈಯಲ್ಲಿ ಮುಟ್ಟಬೇಡಿ, ಅದು ಬ್ರುಸೆಲ್ಲಾ ಇರಬಹುದು, ಮನುಷ್ಯರಿಗೂ ಬರುತ್ತದೆ ಎಂದು ನಾನು ಹೇಳುತ್ತಲೇ ಇದ್ದೆ. ಕೈಗವಸು ಎಲ್ಲಿಂದ ತರೋಣ ಎಂದು ಅವರೂ ಕೇಳುತ್ತಲೇ ಇದ್ದರು. ಈಗ ರಾತ್ರಿ ಹೊತ್ತಲ್ಲೂ ಸಿಗುವಂತೆ ಹಾಲು ಪರೀಕ್ಷಕಿಯ ಮನೆಯಲ್ಲಿ ಎರಡು ಜೊತೆ ಇರುತ್ತದೆ.

ಎಲ್ಲ ಕಡೆ ಇದು ನಡೆಯುತ್ತದೆ ಎಂದು ನಾನು ಹೇಳುವುದಿಲ್ಲ. ಪಕ್ಕದ ಇನ್ನೊಂದು ಊರಿನಲ್ಲಿ ಎರಡು ಸಭೆಗೇ ನಿಂತಿತು. ಅಲ್ಲಿ ಸಂಘದ ಚುನಾವಣೆಯ ಜಗಳ ಹಸಿಯಾಗಿತ್ತು, ಅರ್ಧ ಜನ ಬರಲಿಲ್ಲ, ಬಂದವರು ಬಾರದವರನ್ನೇ ಬೈದುಕೊಂಡು ಹೋದರು. ಅಂಥ ಕಡೆ ಬಲವಂತ ಮಾಡಿ ಪ್ರಯೋಜನವಿಲ್ಲ, ಸ್ವಲ್ಪ ಕಾಲ ಬಿಡಬೇಕು.

ಮೊದಲ ಊರಿನವರು ಈ ತಿಂಗಳು ನಾಲ್ಕರಿಂದ ಎಂಟು ತಿಂಗಳೊಳಗಿನ ಹೆಣ್ಣು ಕರುಗಳ ಪಟ್ಟಿ ಮಾಡಿದ್ದಾರೆ. ಬ್ರುಸೆಲ್ಲಾ ಲಸಿಕೆಯನ್ನು ಆ ವಯಸ್ಸಿನಲ್ಲೇ, ಜೀವಮಾನಕ್ಕೆ ಒಂದೇ ಸಲ ಹಾಕುವುದು. ಹನ್ನೊಂದು ಕರು ಸಿಕ್ಕಿವೆ. ಗುರುವಾರ ಬೆಳಿಗ್ಗೆ ಏಳಕ್ಕೆ ಬನ್ನಿ ಎಂದಿದ್ದಾರೆ. ಹೋದ ಸಲ ನಾನು ಇಪ್ಪತ್ತು ನಿಮಿಷ ತಡವಾಗಿ ಹೋಗಿ ಐದು ರೂಪಾಯಿ ಕಟ್ಟಿದ್ದೆ, ಸರ್ಕಾರಿ ಜೀಪು ಕೆಟ್ಟಿತ್ತು ಎಂದರೂ ಆ ಹುಡುಗಿ ಬಿಡಲಿಲ್ಲ. ಈ ಸಲ ಆರಕ್ಕೇ ಹೊರಡುತ್ತೇನೆ.